ಗಂಗಾವಳಿಯ ಆಚೆಗೊಬ್ಬ, ಈಚೆಗೊಬ್ಬ

ಕುಮಟಾದ ಅಂಚಿನಲ್ಲಿ ಸುಮಾರು 60,000 ಚದರ ಅಡಿಯ ಐದಂತಸ್ತಿನ ಕಟ್ಟಡದ ಕೆಲಸ 2023ರ ಕೊನೆಗೆ ನನ್ನ ಕೈಗೆ ಬಂತು. ಆಗ ಮಾಲೀಕರಿಗೆ ಹೇಳಿದ್ದು ಒಂದೇ ಮಾತು: ಸಿಮೆಂಟಿಗೂ ಎಂ-ಸ್ಯಾಂಡಿಗೂ (ಕಲ್ಲು ಪುಡಿಮಾಡಿ ತೆಗೆದ ಮರಳು) ಇಬ್ಬಿಬ್ಬರು ಪೂರೈಕೆದಾರರು ಬೇಕು, ಅವರನ್ನು ದರ ನೋಡಿ ಅಲ್ಲ, ದಾರಿ ನೋಡಿ ಆರಿಸಬೇಕು. ಒಬ್ಬನ ಲಾರಿ ಅರಬೈಲು ಘಟ್ಟ ಇಳಿದು ಅಂಕೋಲಾ ಮೇಲೆ ಗಂಗಾವಳಿ ನದಿ ದಾಟಿ ಬರಲಿ, ಇನ್ನೊಬ್ಬನದು ಶಿವಮೊಗ್ಗದಿಂದ ಗೇರುಸೊಪ್ಪಾ ಘಟ್ಟ ಇಳಿದು ಹೊನ್ನಾವರದ ಕಡೆಯಿಂದ ಬರಲಿ. ಎರಡನೆಯವನ ಸಿಮೆಂಟು ಚೀಲಕ್ಕೆ ಹದಿನೈದು ರೂಪಾಯಿ ಹೆಚ್ಚು. "ಕೈಯಾರೆ ದುಡ್ಡು ಕಳೆಯುತ್ತೀರಲ್ಲ" ಎಂದರು ಮಾಲೀಕರು. ನಮ್ಮ ಹಿರಿಯ ಮೇಸ್ತ್ರಿಯೂ "ತಮ್ಮಾ, ಎರಡು ದೋಣಿಯಲ್ಲಿ ಕಾಲಿಡಬೇಡ" ಎಂದ.

ನಾನು ಪಟ್ಟು ಬಿಡದಿರಲು ಹಳೆಯ ಪೆಟ್ಟುಗಳೇ ಕಾರಣ. 2022ರ ಏಪ್ರಿಲ್‌ನಲ್ಲಿ ಕಬ್ಬಿಣ ಟನ್ನಿಗೆ ಎಪ್ಪತ್ತೈದು ಸಾವಿರದ ಆಸುಪಾಸು ಇದ್ದಾಗ, ಇನ್ನೂ ಏರುತ್ತದೆಂದು ಹೆದರಿ ಐವತ್ತು ಟನ್ ತಂದು ಹಾಕಿದ್ದೆ. ಮೇ ಕೊನೆಯಲ್ಲಿ ಕೇಂದ್ರ ಸರಕಾರ ರಫ್ತು ಸುಂಕ ಹೇರಿತು, ದರ ಜಾರಿತು. ನನಗೆ ಐದೂವರೆ ಲಕ್ಷದ ಹತ್ತಿರ ನಷ್ಟವಾಯಿತು. ಮರುವರ್ಷ ಮಳೆಗೆ ಮೊದಲು ಸಾವಿರದ ಇನ್ನೂರು ಚೀಲ ಸಿಮೆಂಟು ಕೂಡಿಟ್ಟೆ. ಆಗಸ್ಟಿನಲ್ಲಿ ಅಡಿಯ ಸಾಲುಗಳನ್ನು ಎತ್ತಿದರೆ ನೂರೈವತ್ತು ಚೀಲ ಕಲ್ಲಾಗಿತ್ತು. ಚೀಲ ಹರಿದರೂ ಒಳಗಿನದು ಚೀಲದ ಆಕಾರದಲ್ಲೇ ನಿಂತಿತ್ತು. ಕರಾವಳಿಯ ಮಳೆಗಾಲದಲ್ಲಿ ದಾಸ್ತಾನನ್ನೇ ನಂಬಿ ಕೂರುವಂತಿಲ್ಲ ಎಂಬುದು ಆಗ ಖಾತ್ರಿಯಾಯಿತು. ಈಗ ಗೋಡೆಯಿಂದ ಒಂದಡಿ ಬಿಟ್ಟು, ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ ಹತ್ತೇ ಚೀಲದ ಎತ್ತರ ಪೇರಿಸುತ್ತೇನೆ. ಒಂದು ಸ್ಲ್ಯಾಬಿಗೆ ಬೇಕಾದಷ್ಟನ್ನು ಮಾತ್ರ.

2024ರ ಜುಲೈ 16ರಂದು, ಅಂಕೋಲಾ-ಕುಮಟಾ ನಡುವಿನ ಹೆದ್ದಾರಿಯ ಮೇಲಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳೇ ಹೋದವು, ಅದರ ಮುಂದೆ ನಮ್ಮ ಸಿಮೆಂಟಿನ ಮಾತು ಬಹಳ ಸಣ್ಣದು. ಆದರೆ ಹೆದ್ದಾರಿ ವಾರಗಟ್ಟಲೆ ಮುಚ್ಚಿತು, ಅಂಕೋಲಾ ಕಡೆಯ ಲಾರಿಗಳು ಅಲ್ಲೇ ನಿಂತವು. ನಮ್ಮ ಮೂರನೇ ಸ್ಲ್ಯಾಬಿಗೆ ಸೆಂಟ್ರಿಂಗ್ (ಕಾಂಕ್ರೀಟು ಹೊರುವ ತಾತ್ಕಾಲಿಕ ಅಚ್ಚು) ಮುಗಿದು ಕಬ್ಬಿಣ ಕಟ್ಟುತ್ತಿದ್ದರು. ಎಪ್ಪತ್ತು ಜನರ ಕೂಲಿ, ಪ್ಲೇಟು-ಜಾಕಿಗಳ ಬಾಡಿಗೆ ಸೇರಿ ಒಂದು ದಿನ ಕೆಲಸ ನಿಂತರೆ ಎಪ್ಪತ್ತು ಸಾವಿರ ಹೋಗುತ್ತದೆ. ಶಿವಮೊಗ್ಗದವನಿಗೆ ಫೋನು ಮಾಡಿದೆ. ಮೊದಲ ಲಾರಿ ಬರಲು ಎರಡು ದಿನ ಹಿಡಿಯಿತು, ಆದರೆ ಬಂತು. ಹೊನ್ನಾವರ ಕಡೆಯ ಕ್ರಷರಿನಿಂದ ಎಂ-ಸ್ಯಾಂಡೂ ಬಂತು. ನಾವು ಕಳೆದುಕೊಂಡದ್ದು ಮೂರು ದಿನ. ನನಗೆ ಗೊತ್ತಿದ್ದ ಇನ್ನೆರಡು ಸೈಟುಗಳು ಎರಡು ವಾರ ಖಾಲಿ ಕುಳಿತವು. ಇಡೀ ಕೆಲಸದಲ್ಲಿ ಎರಡನೆಯವನಿಗೆ ಹೆಚ್ಚು ಕೊಟ್ಟದ್ದು ಒಂದೂಕಾಲು ಲಕ್ಷ, ಉಳಿದದ್ದು ಏಳೆಂಟು ಲಕ್ಷ. ಮಾಲೀಕರು ಆಮೇಲೆ ದರದ ಮಾತೆತ್ತಲಿಲ್ಲ.

ಗಲಾಟೆಯ ಹೊತ್ತಿಗೆ ಹೊಸಬನಂತೆ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ. ಎರಡನೆಯವನಿಗೆ ಬೇಸಿಗೆಯಲ್ಲೂ ಮೂರರಲ್ಲಿ ಒಂದು ಪಾಲಿನ ವ್ಯಾಪಾರ ಕೊಟ್ಟು, ಬಾಕಿ ಇಡದೆ ತೀರಿಸುತ್ತಾ ಬಂದಿದ್ದೆ. ದರ ಏರಿಸದಂತೆ ಅವನಿಂದ ಬರೆಸಿಕೊಂಡ ಕಾಗದವೊಂದಿದೆ. ಅದರ ಒಕ್ಕಣೆ ಮಾತ್ರ ನನ್ನಲ್ಲೇ ಇರಲಿ, ಇನ್ನೂ ಎರಡು ಕೆಲಸಗಳಿಗೆ ಅದು ಬೇಕು.

ಎಂ-ಸ್ಯಾಂಡಿನ ಇನ್ನೊಂದು ವಿಷಯ. ಮಳೆಗಾಲದಲ್ಲಿ ಲೋಡನ್ನು ಘನ ಅಡಿ ಲೆಕ್ಕದಲ್ಲಿ ಕೊಳ್ಳುವುದನ್ನು ಬಿಟ್ಟಿದ್ದೇನೆ. ಒದ್ದೆ ಮರಳು ಉಬ್ಬುತ್ತದೆಂದು ಎಲ್ಲರಿಗೂ ಗೊತ್ತು, ಅಳೆದು ನೋಡಿದವರು ಕಡಿಮೆ. ಬಂದ ಲೋಡಿನಿಂದ ಒಂದು ಬಕೆಟ್ ತುಂಬಿ, ಮರಳು ಮುಳುಗುವಷ್ಟು ನೀರು ಹುಯ್ದು ಕಲಕಿ ಬಿಟ್ಟೆ. ಹತ್ತು ನಿಮಿಷಕ್ಕೆ ಮರಳು ಅಂಚಿನಿಂದ ನಾಲ್ಕು ಬೆರಳು ಕೆಳಗಿತ್ತು. ಹೆಚ್ಚುಕಡಿಮೆ ಐದನೇ ಒಂದು ಪಾಲಿಗೆ ನಾನು ಗಾಳಿಯನ್ನೇ ಕೊಂಡಿದ್ದೆ! ಈಗ ವೇಬ್ರಿಜ್ಜಿನ (ಲಾರಿ ತೂಗುವ ಕಾಟಾ) ಚೀಟಿ ಇಲ್ಲದ ಲಾರಿ ಗೇಟು ದಾಟುವುದಿಲ್ಲ. ತೂಕದಲ್ಲಿ ನೀರಿಗೂ ದುಡ್ಡು ಹೋಗುತ್ತದೆ, ನಿಜ, ಆದರೆ ಅಳತೆಯಲ್ಲಿ ಹೋದಷ್ಟು ಹೋಗುವುದಿಲ್ಲ.

ಕಬ್ಬಿಣಕ್ಕೆ ಸಿಮೆಂಟು ನೀರು ಬಳಿದಿಡುವ ಪ್ರಯೋಗವೂ ನಡೆದಿದೆ. ಉಪ್ಪುಗಾಳಿಗೆ ಬರಿಯ ಸರಳು ಮೂರು ವಾರದಲ್ಲಿ ಕೆಂಪಾಯಿತು. ಬಳಿದದ್ದು ಎರಡು ತಿಂಗಳು ತಡೆದಿದೆ, ಆದರೆ ಬಗ್ಗಿಸುವಲ್ಲಿ ಪದರ ಉದುರುತ್ತದೆ. ಬಗ್ಗಿಸಿದ ಮೇಲೆ ಬಳಿದ ಇಪ್ಪತ್ತು ಸರಳುಗಳನ್ನು ಹಿತ್ತಿಲ ಶೆಡ್ಡಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ.