ಅಮೆರಿಕದ ವರ್ಗಭೇದವನ್ನು ಅಭ್ಯಾಸ ಮಾಡುವ ಬಗೆ

ಅಮೆರಿಕದ ಒಂದು ಕುಟುಂಬ ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಯಬೇಕಾದರೆ ಅದರ ಸಂಬಳಕ್ಕಿಂತ ಮೊದಲು ಆಸ್ತಿಯನ್ನು, ಅಂದರೆ ಮನೆ, ಷೇರು, ಉಳಿತಾಯಗಳ ಮೌಲ್ಯದಿಂದ ಸಾಲವನ್ನು ಕಳೆದರೆ ಉಳಿಯುವ ಮೊತ್ತವನ್ನು ನೋಡಬೇಕು. ಕೆಲಸ ಹೋದರೆ ಸಂಬಳ ನಿಲ್ಲುತ್ತದೆ. ಆಸ್ತಿಯಾದರೋ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇದಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ನಡೆಸುವ ಕುಟುಂಬ ಹಣಕಾಸು ಸಮೀಕ್ಷೆ ಒಳ್ಳೆಯ ಆಧಾರ. ಕೆಲವೇ ಕೋಟ್ಯಧೀಶರು ಸರಾಸರಿಯನ್ನು ಮೇಲಕ್ಕೆ ಎಳೆಯುವುದರಿಂದ ಅದರಲ್ಲಿ ಮಧ್ಯಾಂಕವನ್ನೇ, ಅಂದರೆ ಕುಟುಂಬಗಳನ್ನು ಆಸ್ತಿಯ ಕ್ರಮದಲ್ಲಿ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಕುಟುಂಬದ ಮೊತ್ತವನ್ನು, ಗಮನಿಸಿ. 2022ರಲ್ಲಿ ಬಿಳಿಯ ಕುಟುಂಬಗಳ ಮಧ್ಯಾಂಕ ಆಸ್ತಿ ಸುಮಾರು 2,85,000 ಡಾಲರ್ ಇದ್ದರೆ ಕಪ್ಪು ಕುಟುಂಬಗಳದ್ದು ಸುಮಾರು 45,000 ಡಾಲರ್ ಮಾತ್ರ ಇತ್ತು. ಜನಾಂಗವನ್ನು ಬದಿಗಿಟ್ಟು ಅಲ್ಲಿನ ವರ್ಗವನ್ನು ಅರಿಯಲಾಗದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಅನಂತರ ವಿಳಾಸವನ್ನು ನೋಡಿ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಸಮಯ ಕೊಡಬೇಕಾದದ್ದು ಇದಕ್ಕೇ. ಸಾರ್ವಜನಿಕ ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ, ಮನೆಗಳ ಬೆಲೆ ಹೆಚ್ಚಿರುವ ಊರು ಕಡಿಮೆ ದರದ ತೆರಿಗೆಯಲ್ಲೂ ತನ್ನ ಶಾಲೆಗೆ ಬೇಕಾದಷ್ಟು ಹಣ ಕೂಡಿಸಬಲ್ಲದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಬಡ ಬಡಾವಣೆಯ ಪೋಷಕರು ಈ ಅಸಮಾನತೆಯನ್ನು ಪ್ರಶ್ನಿಸಿದಾಗ, 1973ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣ ಒಕ್ಕೂಟದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವೆಂದು ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪಿತ್ತಿತು. ರಾಜ್ಯಗಳು ತಮ್ಮ ಪಾಲಿನ ಅನುದಾನದಿಂದ ಅಂತರವನ್ನು ಎಷ್ಟು ತುಂಬುತ್ತವೆ ಎಂಬುದನ್ನು ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕು.

ಬಡಾವಣೆಗಳು ಹೀಗೆ ಬೇರ್ಪಟ್ಟದ್ದು ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ಜನರ ವಸತಿಗಳನ್ನು ಬಹುತೇಕ ಎಲ್ಲೆಡೆ ಸಾಲಕ್ಕೆ ಅಪಾಯಕರವೆಂದು ಕೆಂಪು ಬಣ್ಣದಲ್ಲಿ ಗುರುತಿಸಿತ್ತು. ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ. ಷಿಕಾಗೊದಂಥ ಒಂದೇ ನಗರವನ್ನು ಆರಿಸಿಕೊಂಡು, ಆ ಹಳೆಯ ನಕ್ಷೆಯನ್ನು ಜನಗಣತಿ ಇಲಾಖೆಯ ಇಂದಿನ ಆದಾಯದ ಅಂಕಿಅಂಶಗಳ ಪಕ್ಕದಲ್ಲಿಟ್ಟು ಓದಿ.

ಕೊನೆಗೆ ಉದ್ಯೋಗ. ಪದವಿ ಇದೆಯೇ, ಕೂಲಿ ಗಂಟೆಯ ಲೆಕ್ಕದ್ದೇ, ಆರೋಗ್ಯ ವಿಮೆಯನ್ನು ಮಾಲೀಕರು ಕೊಡುತ್ತಾರೆಯೇ ಎಂದು ವಿಚಾರಿಸಿ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದ್ದು, ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೂ ಕೈಗೆ ಬರುವುದು ತೆರಿಗೆಗೆ ಮುನ್ನ 15,080 ಡಾಲರ್. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚಿನ ಕೂಲಿಯನ್ನು ನಿಗದಿಪಡಿಸಿರುವುದರಿಂದ, ಆಯಾ ರಾಜ್ಯದ ದರವನ್ನು ಅಲ್ಲಿನ ಮನೆ ಬಾಡಿಗೆಯೊಂದಿಗೆ ಹೋಲಿಸಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಸರಿ.