ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಬರದಿದ್ದರೆ ನಾನು ನೋಡುವ ಕ್ರಮ

ರಾಯಚೂರಿನ ಕಾಲೇಜು ಹುಡುಗರು ತರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಿಗೆ ಉಬುಂಟು, ಡೆಬಿಯನ್ ಹಾಕಿಕೊಡುತ್ತೇನೆ. ಆಮೇಲೆ ಬರುವ ದೂರು ಹೆಚ್ಚಾಗಿ ವೈಫೈದೇ. ಇದಕ್ಕಾಗಿ ಇಡೀ ಸಿಸ್ಟಮ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಬೇಡ. ವೈಫೈ ಕಾರ್ಡು, ಅದನ್ನು ನಡೆಸುವ ಸಾಫ್ಟ್‌ವೇರಾದ ಡ್ರೈವರ್, ರೇಡಿಯೊ, ರೂಟರಿನ ಸಂಪರ್ಕ, ಐಪಿ ವಿಳಾಸ, ಸೈಟಿನ ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ಈ ಸಾಲಿನಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಮೊದಲು ಹುಡುಕಿ.

ಕೆಲಸ ಶುರು ಮಾಡುವ ಮುಂಚೆ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುತ್ತೇನೆ. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಎಂದೇ ಹಿಡಿಯುತ್ತದೆ, ಹಾಗಾಗಿ ಡ್ರೈವರ್ ಇಳಿಸಿಕೊಳ್ಳಲು ನೆಟ್ ಸಿಕ್ಕಂತಾಯಿತು.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಟ್ಟರೆ ಕಾರ್ಡಿನ ಹೆಸರು, ಐಡಿ, ಅದಕ್ಕೆ ಕೂತಿರುವ ಡ್ರೈವರ್ ಕಾಣುತ್ತವೆ. ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲೇ ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ಸಾಲು ಇದ್ದೂ ವೈಫೈ ಇಲ್ಲದಿದ್ದರೆ ಡಿಮೆಸೇಜ್ (dmesg) ಲಾಗಿನಲ್ಲಿ ‘ಫರ್ಮ್‌ವೇರ್’ ಪದ ಹುಡುಕಿ, ಕಾರ್ಡಿನೊಳಗೆ ಓಡಬೇಕಾದ ಆ ಸಾಫ್ಟ್‌ವೇರ್ ಸಿಗದಿದ್ದರೆ ಅಲ್ಲಿ ಹೇಳಿರುತ್ತದೆ. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರಿನಲ್ಲೇ ಬರುತ್ತದೆ, ಅದಕ್ಕೂ ಹಳೆಯದಾದರೆ ಬೇರೆ ಹಾಕಬೇಕು. ರಿಯಲ್‌ಟೆಕ್ 8821ಸಿಇ ಕಾರ್ಡಿನ ಡ್ರೈವರ್ ಕರ್ನಲ್ (ಲಿನಕ್ಸಿನ ತಿರುಳು) 5.9ರಿಂದ ಒಳಗೇ ಇದೆ.

ಹೆಚ್ಚು ಗಮನ ಬೇಡುವುದು ಬ್ರಾಡ್‌ಕಾಮ್ 43142ನಂಥ ಕಾರ್ಡು. ಇದರ ‘ಡಬ್ಲ್ಯೂಎಲ್’ ಡ್ರೈವರ್ ಕರ್ನಲಿನ ಹೊರಗಿನದು, ಡಿಕೆಎಂಎಸ್ ಎಂಬ ಸಾಧನ ಅದನ್ನು ಪ್ರತಿ ಹೊಸ ಕರ್ನಲಿಗೂ ಹೊಸದಾಗಿ ಕಟ್ಟಬೇಕು. ಕಟ್ಟಲು ಆ ಕರ್ನಲಿನ ಹೆಡರ್ ಪ್ಯಾಕೇಜ್ ಇರಬೇಕು. ಅಪ್‌ಡೇಟ್ ಆದ ಮರುದಿನ ವೈಫೈ ಮಾಯವಾಯಿತು ಅನ್ನುವವರಿಗೆ ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ನೋಡಿ ಎನ್ನುತ್ತೇನೆ. ಹೆಡರ್ ಇಲ್ಲದ್ದೇ ಕಾರಣವಾಗಿರುವುದು ಹೆಚ್ಚು. ಡ್ರೈವರ್ ಸರಿಯಾಗಿ ಕಟ್ಟಿಯೂ ಲೋಡ್ ಆಗದಿದ್ದರೆ, ‘ಕೀ ವಾಸ್ ರಿಜೆಕ್ಟೆಡ್’ ಎಂದು ಬಂದರೆ, ಅದು ಸೆಕ್ಯೂರ್ ಬೂಟ್ (ನಂಬಿದ ಕೀಯ ಸಹಿ ಇಲ್ಲದ ಡ್ರೈವರನ್ನು ಒಳಬಿಡದ ವ್ಯವಸ್ಥೆ) ತಡೆ. ಡ್ರೈವರಿನ ಕೀಯನ್ನು ಬೂಟ್ ವೇಳೆ ಎನ್‌ರೋಲ್ ಮಾಡಿ, ಇಲ್ಲವೇ ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ.

ಆರ್‌ಎಫ್‌ಕಿಲ್ ಲಿಸ್ಟ್ ಕೊಟ್ಟು ವೈಫೈ ರೇಡಿಯೊ ಆಫ್ ಆಗಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ‘ಸಾಫ್ಟ್ ಬ್ಲಾಕ್ಡ್’ ಆದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್ ಬ್ಲಾಕ್ಡ್’ ಆದರೆ ಪಕ್ಕದ ಸ್ವಿಚ್ಚು ಅಥವಾ ಫಂಕ್ಷನ್ ಕೀ ನೋಡಿ, ಕಮಾಂಡಿನಿಂದ ಅದು ತೆಗೆಯುವುದಿಲ್ಲ.

ಫೋನಿಗೆ ಕಾಣುವ ವೈಫೈ ಹೆಸರು ಲ್ಯಾಪ್‌ಟಾಪಿಗೆ ಕಾಣದಿದ್ದರೆ ಎರಡು ಸಂಗತಿ ನೋಡುತ್ತೇನೆ. ಒಂದು, ಹಳೆಯ ಕಾರ್ಡು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವಂಥದ್ದಾಗಿರಬಹುದು. ‘ಐಡಬ್ಲ್ಯೂ ಲಿಸ್ಟ್’‌ನಲ್ಲಿ ಬ್ಯಾಂಡ್ 2 ಇಲ್ಲದಿದ್ದರೆ 5 ಗಿಗಾಹರ್ಟ್ಸ್ ಹೆಸರು ಎಂದೂ ಕಾಣದು. ಇನ್ನೊಂದು ಚಾನೆಲ್. ನಮ್ಮ ದೇಶದಲ್ಲಿ 2.4ರಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸಬಹುದು, ಅಮೆರಿಕದ ಸೆಟ್ಟಿಂಗಿನಲ್ಲಿ 11ಕ್ಕೇ ನಿಲ್ಲುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಆಟೊದಲ್ಲಿರುವ ರೂಟರು ಚಾನೆಲನ್ನು ಮತ್ತೆ ಆರಿಸಿಕೊಳ್ಳುತ್ತದೆ. ಅದು 12 ಅಥವಾ 13ಕ್ಕೆ ಹೋಗಿ ಕೂತರೆ ಬೆಳಿಗ್ಗೆ ಇದ್ದ ವೈಫೈ ಸಂಜೆ ಇಲ್ಲ. ‘ಐಡಬ್ಲ್ಯೂ ರೆಗ್ ಗೆಟ್’ ಯುಎಸ್ ಎಂದು ತೋರಿಸಿದರೆ ‘ಐಡಬ್ಲ್ಯೂ ರೆಗ್ ಸೆಟ್ ಐಎನ್’ ಕೊಡಿ. ಕಾರ್ಡಿನೊಳಗೇ ಯುಎಸ್ ಬರೆದಿದ್ದರೆ ಇದು ಸಾಲದು, ರೂಟರನ್ನೇ 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಬೇಕು. ನಾನಂತೂ ಎಲ್ಲರಿಗೂ ಇದನ್ನೇ ಮಾಡಿಸುತ್ತೇನೆ.

ಸೇರಿದ ಮೇಲೆ ಪದೇ ಪದೇ ಕಡಿದುಹೋಗುತ್ತಿದ್ದರೆ ‘ಐಡಬ್ಲ್ಯೂ ಡೆವ್’ ಮುಂದೆ ಕಾರ್ಡಿಗೆ ಲಿನಕ್ಸ್ ಕೊಟ್ಟ ಹೆಸರು (wlan0 ನಂಥದ್ದು), ‘ಲಿಂಕ್’ ಎಂದು ಹಾಕಿ ಸಿಗ್ನಲ್ ನೋಡಿ. ಮೈನಸ್ 60 ಡಿಬಿಎಂ (ಸಿಗ್ನಲ್ ಬಲದ ಅಳತೆ) ಚೆನ್ನ, ಮೈನಸ್ 75ಕ್ಕಿಂತ ಕೆಳಗಿಳಿದರೆ ಭರವಸೆಯಿಲ್ಲ. ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್‌ಗೆ ಬಲ ಸಾಲದು, ಅಲ್ಲಿ 2.4 ಹಿಡಿಯಿರಿ, ರೂಟರನ್ನು ಬಾಗಿಲಿನ ನೇರಕ್ಕೆ ಇಡಿ. ಸಿಗ್ನಲ್ ಚೆನ್ನಾಗಿದ್ದೂ ಕಡಿದರೆ ಬ್ಯಾಟರಿ ಉಳಿಸಲು ಕಾರ್ಡನ್ನು ಆಗಾಗ ಮಲಗಿಸುವ ಪವರ್ ಸೇವ್ ಮೇಲೆ ನನ್ನ ಅನುಮಾನ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಕಾನ್ಫ್-ಡಿ ಫೋಲ್ಡರಿನಲ್ಲಿರುವ ‘ವೈಫೈ ಪವರ್‌ಸೇವ್’ ಬೆಲೆ 3 ಇದ್ದದ್ದನ್ನು 2 ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಕನೆಕ್ಟೆಡ್ ಎಂದಿದ್ದೂ ಪುಟ ತೆರೆಯದಿದ್ದರೆ 1.1.1.1 ಎಂಬ ಸಾರ್ವಜನಿಕ ಸರ್ವರಿಗೆ ಪಿಂಗ್ ಕೊಡಿ. ಉತ್ತರ ಬಂದರೆ ದಾರಿ ಸರಿಯಿದೆ, ತೊಂದರೆ ಹೆಚ್ಚಾಗಿ ಡಿಎನ್‌ಎಸ್‌ನದು. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಯಾವ ಸರ್ವರ್ ಸಿಕ್ಕಿದೆ ಎಂದು ತೋರಿಸುತ್ತದೆ. ಹೆಸರಿಗೂ ಪಿಂಗ್ ಹೋಗುತ್ತಿದ್ದು ಬ್ರೌಸರ್ ಮಾತ್ರ ಸರ್ಟಿಫಿಕೇಟ್ ತಪ್ಪು ಎನ್ನುತ್ತಿದ್ದರೆ ತಾರೀಖು ನೋಡಿ. ಹಳೇ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಹೆಚ್ಚಿನವಕ್ಕೆ ಸಿಆರ್ 2032 ಸೆಲ್ ಹೊಂದುತ್ತದೆ, ಕೆಲವಕ್ಕೆ ವೈರು ಬೆಸೆದ ಸೆಲ್ಲೇ ಬೇಕು, ಆದ್ದರಿಂದ ಬಿಚ್ಚಿ ನೋಡಿದ ಮೇಲೆ ತನ್ನಿ.