ಘಾಟಿ ಇಳಿಯುವ ಮುನ್ನ: ಪುಟ್ಟ ಮಗುವಿನ ಜೊತೆ ಕರಾವಳಿಗೆ ಹೋಗುವುದು ಹೇಗೆ?

ರಜೆ ಬಂತೆಂದರೆ ಬೆಂಗಳೂರು ಕಡೆಯ ಮನೆಗಳಲ್ಲಿ ಉಡುಪಿ, ಮಲ್ಪೆ, ಮುರುಡೇಶ್ವರದ ಮಾತು ಶುರುವಾಗುತ್ತದೆ. ಹೋಟೆಲು ನೋಡುತ್ತಾರೆ, ದೇವಸ್ಥಾನದ ಸಮಯ ವಿಚಾರಿಸುತ್ತಾರೆ, ಮಗುವಿಗೆ ಹೊಸ ಟೋಪಿ ತರುತ್ತಾರೆ. ಘಾಟಿಯ ವಿಚಾರ ಮಾತ್ರ ಯಾರ ತಲೆಗೂ ಬರುವುದಿಲ್ಲ. ಶಿರಾಡಿಯಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿ, ವಾಂತಿ ಮಾಡಿಕೊಂಡು ಅಳುತ್ತಿರುವ ಮಗುವಿನ ಮೈ ಒರೆಸುತ್ತಾ, ಡಿಕ್ಕಿಯ ತಳದಲ್ಲಿರುವ ಬಟ್ಟೆ ಬ್ಯಾಗಿಗಾಗಿ ಲಗೇಜೆಲ್ಲ ಕೆಳಗಿಳಿಸುವ ಅಪ್ಪ ಅಮ್ಮಂದಿರನ್ನು ಆ ದಾರಿಯಲ್ಲಿ ಹೋದಾಗಲೆಲ್ಲ ನೋಡುತ್ತೇನೆ. ಅಷ್ಟಾದ ಮೇಲೆ ಮಗು ಕಾರು ಕಂಡರೇ ಅಳುತ್ತದೆ. ಉಳಿದ ದಿನಗಳೂ ಕೆಡುತ್ತವೆ.

ಇದನ್ನು ಬಹುಪಾಲು ತಪ್ಪಿಸಬಹುದು. ಅದಕ್ಕೆ ತಯಾರಿ ಬೆಳಗಿನ ತಿಂಡಿಯಿಂದಲೇ ಶುರುವಾಗಬೇಕು. ಒಂದೂವರೆಯಿಂದ ಐದು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎರಡು ವರ್ಷ ದಾಟಿದ ಮೇಲೆಯೇ ಪ್ರಯಾಣದ ವಾಂತಿ ಹೆಚ್ಚುವುದು. ಹೋದ ವರ್ಷ ಆರಾಮಾಗಿ ಬಂದ ಮಗು ಈ ವರ್ಷವೂ ಹಾಗೇ ಬರುತ್ತದೆ ಎಂದು ನಂಬಿ ಹೊರಡಬೇಡಿ.

1. ದಾರಿ ಆರಿಸಿ

ಉಡುಪಿ ಕಡೆಗೆ ಆಗುಂಬೆ ಚೆಂದದ ದಾರಿ, ನಿಜ. ಆದರೆ ಅಲ್ಲಿ ಸ್ವಲ್ಪವೇ ದೂರದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಚಾರ್ಮಾಡಿಯಲ್ಲೂ ತಿರುವು ಜಾಸ್ತಿ. ಪುಟ್ಟ ಮಗು ಜೊತೆಗಿದ್ದರೆ ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಇಳಿಯಿರಿ. ಇಲ್ಲಿ ತಿರುವುಗಳು ಅಗಲ, ರಸ್ತೆ ನಿಧಾನವಾಗಿ ಇಳಿಯುತ್ತದೆ. ಆಗುಂಬೆಯ ಸೂರ್ಯಾಸ್ತ ಮಗು ದೊಡ್ಡದಾದ ಮೇಲೂ ಅಲ್ಲೇ ಇರುತ್ತದೆ. ಮಳೆಗಾಲದಲ್ಲಾದರೆ ಹೊರಡುವ ಹಿಂದಿನ ರಾತ್ರಿ ರಸ್ತೆ ತೆರೆದಿದೆಯೇ ಎಂದು ಕೇಳಿಕೊಳ್ಳಿ. ದೋಣಿಗಲ್ ಸುತ್ತಮುತ್ತ ಮಣ್ಣು ಕುಸಿದು ರಸ್ತೆ ಮುಚ್ಚುವುದು ಹೊಸದಲ್ಲ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಕಾರು ಬಿಟ್ಟು ಹಗಲಿನ ರೈಲು ಹಿಡಿಯಿರಿ ಎಂದೇ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ ರೈಲು ತುಂಬಾ ನಿಧಾನವಾಗಿ ಇಳಿಯುತ್ತದೆ. ಕಾರಿನಂತೆ ಎತ್ತಿ ಒಗೆಯುವುದಿಲ್ಲ. ಮಗು ಎದ್ದು ಓಡಾಡಬಹುದು, ಶೌಚಾಲಯ ಹತ್ತಿರವೇ ಇರುತ್ತದೆ. ದಾರಿಯಲ್ಲಿ 57 ಸುರಂಗಗಳು ಸಿಗುತ್ತವೆ. ಮೊದಲ ಸುರಂಗಕ್ಕೆ ಮಗು ಹೆದರಬಹುದು. ಕತ್ತಲೆ ಬಂದ ಕೂಡಲೇ ಎಲ್ಲರೂ ಸೇರಿ 'ಕೂ...' ಅನ್ನಿ. ಮೂರನೆಯದಕ್ಕೆ ಮಗುವೇ ಕೂಗಲು ಕಾಯುತ್ತದೆ. ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಆದರೂ ಇಡೀ ದಿನದ ಪ್ರಯಾಣವಾದ್ದರಿಂದ ದುಡ್ಡು ಕೊಟ್ಟು ಒಂದು ಸೀಟು ತೆಗೆದುಕೊಳ್ಳಿ. ತೊಡೆಯ ಮೇಲೆ ಮಗುವನ್ನು ಅಷ್ಟು ಹೊತ್ತು ಕೂರಿಸಿಕೊಂಡ ಅಮ್ಮನಿಗೆ ಊರು ತಲುಪಿದ ಮೇಲೆ ಏನು ನೋಡುವ ಉತ್ಸಾಹ ಉಳಿದಿರುತ್ತದೆ?

ಇಲ್ಲಿಂದ ಮುಂದೆ ಕಾರಿನಲ್ಲಿ ಹೋಗುವವರಿಗೆ.

2. ಎರಡು ಬ್ಯಾಗು ಕಟ್ಟಿ

ದೊಡ್ಡ ಬ್ಯಾಗು ಡಿಕ್ಕಿಗೆ. ಚಿಕ್ಕದು ನಿಮ್ಮ ಕಾಲ ಬಳಿ. ಚಿಕ್ಕದರಲ್ಲಿ ಎರಡು ಜೊತೆ ಬಟ್ಟೆ, ನಿಮಗೂ ಒಂದು ಅಂಗಿ, ಹಳೆ ಕಾಟನ್ ಸೀರೆಯ ತುಂಡುಗಳು, ನೀರು, ಓಆರ್‌ಎಸ್ ಪುಡಿ (ವಾಂತಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ), ಗಟ್ಟಿ ಪ್ಲಾಸ್ಟಿಕ್ ಕವರುಗಳು. ತೂತು ಕವರು ಬಂದಿರಬಾರದು, ಮನೆಯಲ್ಲೇ ನೀರು ತುಂಬಿ ನೋಡಿ. ಒದ್ದೆ ಒರೆಸುವ ಕಾಗದ ಒಯ್ಯುವುದಾದರೆ ಪರಿಮಳವಿಲ್ಲದ್ದೇ ಇರಲಿ.

ಓಆರ್‌ಎಸ್ ವಿಚಾರದಲ್ಲಿ ಒಂದು ಎಚ್ಚರಿಕೆ. ಸಣ್ಣ ಡಬ್ಬಿಗಳಲ್ಲಿ ಬರುವ ಬಣ್ಣದ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದುಕೊಂಡು ತುಂಬಾ ಜನ ಕೊಳ್ಳುತ್ತಾರೆ. ಅವುಗಳಲ್ಲಿ ಸಕ್ಕರೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದೇ ಕೇಳಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು ಅಪಾಯ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಿ.

3. ನಿದ್ದೆಗೂ ಘಾಟಿಗೂ ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಉಪಾಯ ಇದೇ. ಮಲಗಿದ ಮಗುವಿಗೆ ವಾಂತಿ ಕಡಿಮೆ. ಹಾಗಾಗಿ ಮಗುವಿನ ಬೆಳಗಿನ ನಿದ್ದೆ ಸರಿಯಾಗಿ ಘಾಟಿಯಲ್ಲೇ ಬರುವಂತೆ ಹೊರಡಬೇಕು.

ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಟ್ಟರೆ ಏಳೂವರೆ ಹೊತ್ತಿಗೆ ಚನ್ನರಾಯಪಟ್ಟಣ ಸಿಗುತ್ತದೆ. ತಿಂಡಿ ಅಲ್ಲೇ ಮುಗಿಸಿ. ಅಲ್ಲಿಂದ ಹಾಸನ ದಾಟಿ ಸಕಲೇಶಪುರಕ್ಕೆ ಬರುವಾಗ ಹತ್ತು ಗಂಟೆಯ ಆಸುಪಾಸು. ಅಷ್ಟರಲ್ಲಿ ತಿಂದದ್ದು ಹೊಟ್ಟೆಯಿಂದ ಕೆಳಗಿಳಿದಿರುತ್ತದೆ, ಬೇಗ ಎದ್ದ ಮಗುವಿಗೆ ಕಣ್ಣೂ ಎಳೆಯುತ್ತಿರುತ್ತದೆ. ಜನ ಮಾಡುವುದು ಇದರ ಉಲ್ಟಾ. ಎಂಟಕ್ಕೆ ಹೊರಟು, ಮಗುವನ್ನು ನೆಲಮಂಗಲದ ಟ್ರಾಫಿಕ್ಕಿನಲ್ಲೇ ಮಲಗಿಸಿ, ಸಕಲೇಶಪುರದಲ್ಲಿ ಹೊಟ್ಟೆ ತುಂಬಾ ಊಟ ಮಾಡಿಸಿ, ಪೂರ್ತಿ ಎಚ್ಚರವಿರುವ ಮಗುವನ್ನು ಘಾಟಿಗೆ ಇಳಿಸುತ್ತಾರೆ.

4. ತಿಂಡಿ

ಇಡ್ಲಿ, ಚಟ್ನಿ ಇಲ್ಲದೆ. ಅಥವಾ ಮನೆಯಿಂದ ತಂದ ಮೊಸರವಲಕ್ಕಿ, ರಾಗಿ ಸರಿ, ಏಲಕ್ಕಿ ಬಾಳೆಹಣ್ಣು. ಎಣ್ಣೆ ಪೂರಿ, ಮಸಾಲೆ ದೋಸೆ, ಚಾಕೊಲೇಟು ಬೇಡವೇ ಬೇಡ. ಹಾಲು ಕುಡಿಯಲೇಬೇಕು ಅನ್ನುವ ಮಗುವಿಗೆ ಮನೆ ಬಿಡುವಾಗಲೇ ಕೊಟ್ಟುಬಿಡಿ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ, ಹಸಿವಿಗೂ ಓಕರಿಕೆ ಬರುತ್ತದೆ. ಸಕಲೇಶಪುರದಲ್ಲಿ ಹಿಡಿ ಮಂಡಕ್ಕಿಯೋ ಒಂದು ಒಣ ಬಿಸ್ಕತ್ತೋ ಕೊಡಿ, ಸಾಕು. 'ಏನೂ ತಿಂದಿಲ್ಲ ಪಾಪ' ಎಂದು ಅಜ್ಜಿ ಹಿಂದಿನಿಂದ ತುತ್ತು ನೀಡುತ್ತಿದ್ದರೆ 'ಘಾಟಿ ಇಳಿದ ಮೇಲೆ ಕೊಡೋಣಮ್ಮಾ' ಎಂದು ಮೆಲ್ಲಗೆ ಹೇಳಿ.

5. ವಾಂತಿ ಮಾತ್ರೆ

ಮನೆಯ ದೊಡ್ಡವರಿಗೆ ತಂದ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವುದು ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಕೊಡಬೇಡಿ. ಬಸ್ ಪ್ರಯಾಣಕ್ಕೆ ಬಳಸುವ ಮಾತ್ರೆಗಳಲ್ಲಿ ಎಷ್ಟೋ ಕಡೆ ಪ್ರೊಮೆಥಜೀನ್ ಎಂಬ ಔಷಧಿ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು, ಉಸಿರಾಟ ನಿಧಾನವಾಗುವ ಅಪಾಯವಿದೆ. ಹಿಂದೆ ಹೊಟ್ಟೆ ಕೆಟ್ಟಾಗ ಡಾಕ್ಟರು ಬರೆದ ಒಂಡಾನ್‌ಸೆಟ್ರಾನ್ ಸಿರಪ್ಪು ಫ್ರಿಜ್ಜಿನಲ್ಲಿದೆ ಎಂದು ಅದನ್ನು ತರುವವರಿದ್ದಾರೆ. ಅದು ಪ್ರಯಾಣದ ವಾಂತಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ನಿಮ್ಮ ಮಗುವಿಗೆ ಪ್ರತಿ ಸಲ ಜೋರಾಗಿ ಆಗುತ್ತದೆ ಎಂದಾದರೆ ಒಂದು ವಾರ ಮೊದಲೇ ಮಕ್ಕಳ ಡಾಕ್ಟರನ್ನು ಕಂಡು, ತೂಕ ನೋಡಿಸಿ, ಯಾವುದು, ಎಷ್ಟು, ಹೊರಡುವ ಎಷ್ಟು ಹೊತ್ತು ಮೊದಲು ಎಂದು ಬರೆಸಿಕೊಳ್ಳಿ. ವಾಂತಿ ತಡೆಯುತ್ತದೆ ಎಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿಗೆ ದುಡ್ಡು ಹಾಕಬೇಡಿ. ನಿಂಬೆಹಣ್ಣು ಮೂಸಲು ಕೊಡುವುದರಲ್ಲಿ ತಪ್ಪೇನಿಲ್ಲ, ಮಗುವಿಗೆ ಕೈಯಲ್ಲಿ ಹಿಡಿಯಲು ಒಂದು ವಸ್ತು ಸಿಕ್ಕಂತಾಗುತ್ತದೆ.

6. ಸೀಟು

ಕಿವಿಯ ಒಳಗಿನ ಸಮತೋಲದ ಅಂಗ 'ನಾವು ಅಲುಗಾಡುತ್ತಿದ್ದೇವೆ' ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನಷ್ಟೇ ನೋಡುತ್ತಿರುವ ಕಣ್ಣು 'ಇಲ್ಲ' ಎನ್ನುತ್ತದೆ. ಮಿದುಳಿಗೆ ಗೊಂದಲವಾಗಿ ಓಕರಿಕೆ ಬರುತ್ತದೆ. ಹಾಗಾಗಿ ಮಗುವಿಗೆ ರಸ್ತೆ ಕಾಣಬೇಕು.

ಏಳು ಸೀಟಿನ ಗಾಡಿಯ ಕೊನೆಯ ಸಾಲಿಗೆ ಮಕ್ಕಳನ್ನು ತಳ್ಳಬೇಡಿ, ಅತಿ ಹೆಚ್ಚು ಓಲಾಡುವುದು ಅಲ್ಲೇ. ಮಧ್ಯದ ಸಾಲಿನಲ್ಲಿ, ಮುಂದಿನ ಗಾಜು ಕಾಣುವ ಹಾಗೆ ಮಕ್ಕಳ ಸೀಟು ಕಟ್ಟಿ. ಎರಡು ವರ್ಷದೊಳಗಿನ ಮಗುವಾದರೆ ಹಿಂದಕ್ಕೆ ಮುಖ ಮಾಡುವ ಸೀಟೇ ಸುರಕ್ಷಿತ. ವಾಂತಿಯ ಭಯಕ್ಕೆ ಅದನ್ನು ತಿರುಗಿಸಬೇಡಿ. ಕಿಟಕಿಗೆ ಅಂಟಿಸುವ ಕಪ್ಪು ಪರದೆಯನ್ನು ಘಾಟಿಗೆ ಮೊದಲೇ ತೆಗೆಯಿರಿ.

ಮಗುವನ್ನು ತೊಡೆಯ ಮೇಲೆ, ಅದೂ ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾರೆ. ಬ್ರೇಕ್ ಹಾಕಿದಾಗ ಯಾರ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಏರ್‌ಬ್ಯಾಗ್ ತೆರೆದರೆ ಪೆಟ್ಟು ಬೀಳುವುದು ಮಗುವಿನ ತಲೆಗೇ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರವೂ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ.

7. ಘಾಟಿ

ಸಕಲೇಶಪುರದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ. ಮಗು ನಡೆದಾಡಲಿ, ಸುಸ್ಸು ಮಾಡಲಿ, ಡೈಪರ್ ಬದಲಾಗಲಿ. ಕಾರಿನ ಪರಿಮಳದ ಡಬ್ಬಿ ತೆಗೆದು ಡಿಕ್ಕಿಗೆ ಹಾಕಿ. ಆ ಡಬ್ಬಿಯಿಂದಲೇ ಅರ್ಧ ಮಕ್ಕಳಿಗೆ ತಲೆ ತಿರುಗುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಸಿ ಹಾಕಿದರೂ ಹೊರಗಿನ ಗಾಳಿ ಒಳಗೆ ಬರುವ ಬಟನ್ ಒತ್ತಿ. ಕಿಟಕಿ ಎರಡು ಬೆರಳಿನಷ್ಟು ಇಳಿಸಿದರೆ ಇನ್ನೂ ಒಳ್ಳೆಯದು, ಕಾಡಿನ ತಂಪು ಗಾಳಿ ಮುಖಕ್ಕೆ ಬೀಳಲಿ.

ಮೊಬೈಲು ಒಳಗಿಡಿ. ಅಳು ನಿಲ್ಲಿಸಲು ಮೊಬೈಲು ಕೊಡುವುದು ಘಾಟಿಯಲ್ಲಿ ಮಾಡುವ ಅತಿ ದೊಡ್ಡ ತಪ್ಪು. ಚಿತ್ರದ ಪುಸ್ತಕವೂ ಬೇಡ. ಎಚ್ಚರವಿರುವ ಮಗುವಿಗೆ ದೂರ ನೋಡುವ ಕೆಲಸ ಕೊಡಿ: ಟ್ಯಾಂಕರ್ ಎಲ್ಲಿದೆ ಹೇಳು, ಮುಂದಿನ ಬಸ್ಸು ಕೆಂಪಾ, ಹಸಿರಾ? ಹಾಡು ಹೇಳಿಸಿ. ಮಲಗಿದರೆ ಕುತ್ತಿಗೆ ಜೋಲದ ಹಾಗೆ ಪಕ್ಕಕ್ಕೆ ಬಟ್ಟೆ ಸುರುಳಿ ಕೊಡಿ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಕೆಳಗಿಳಿಯುವಾಗ ಕಿವಿ ಕಟ್ಟುತ್ತದೆ, ಹೇಳಲು ಬಾರದ ಮಗು ಕಿವಿ ಎಳೆದುಕೊಂಡು ಅಳುತ್ತದೆ. ಎಚ್ಚರವಿದ್ದಾಗ ಒಂದೊಂದೇ ಗುಟುಕು ನೀರು ನುಂಗಿಸಿ, ಕಿವಿ ಬಿಡುತ್ತದೆ.

ಸ್ಟೀರಿಂಗ್ ಹಿಡಿದವರಿಗೂ ಒಂದು ಮಾತು. ಚಿಕ್ಕ ಗೇರಿನಲ್ಲಿ ಒಂದೇ ವೇಗದಲ್ಲಿ ಇಳಿಯಿರಿ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಟ್ಯಾಂಕರ್ ಹಿಂದೆ ಸಿಕ್ಕಿಬಿದ್ದರೆ ಹಿಂದೆಯೇ ಇರಿ. ಹಿಂದಿಕ್ಕಲು ಹೋಗಿ ಎಡಕ್ಕೆ ಬಲಕ್ಕೆ ಎಳೆದಾಗಲೇ ಮಗುವಿನ ಹೊಟ್ಟೆ ತೊಳಸುವುದು.

ಈಗ ಗುರುತುಗಳು. ಪುಟ್ಟ ಮಕ್ಕಳು 'ವಾಂತಿ ಬರ್ತಿದೆ' ಅನ್ನುವುದಿಲ್ಲ. ವಟವಟ ಅನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಮತ್ತೆ ಮತ್ತೆ ಆಕಳಿಸುತ್ತದೆ. ತುಟಿಯ ಸುತ್ತ ಬಿಳಿಚಿಕೊಳ್ಳುತ್ತದೆ, ಹಣೆ ತಣ್ಣಗೆ ಬೆವರುತ್ತದೆ, ಜೊಲ್ಲು ಹೆಚ್ಚುತ್ತದೆ. ಕೆಲವರು 'ಹೊಟ್ಟೆ ಉವ್ವಾ' ಅನ್ನುತ್ತಾರೆ. ಇಷ್ಟು ಕಂಡರೆ ನಿಮಗಿರುವುದು ಕೆಲವೇ ನಿಮಿಷ. ಕವರು ಬಿಚ್ಚಿ ಕೈಯಲ್ಲಿ ಹಿಡಿದು, ಅಗಲವಾದ ನೇರ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ತಿರುವಿನಲ್ಲಿ ನಿಲ್ಲಿಸಬೇಡಿ. ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದಿಲ್ಲ. ಜಾಗ ಸಿಗದಿದ್ದರೆ ಕವರಿನಲ್ಲೇ ಆಗಲಿ, ಕಾರು ತೊಳೆಯಬಹುದು. ಇಳಿಸುವುದಾದರೆ ಕಾಡಿನ ಬದಿಯ ಬಾಗಿಲಿನಿಂದ.

8. ಆಗಿಯೇ ಹೋದರೆ

ಬೈಯಬೇಡಿ, ಮುಖವನ್ನೂ ಸಿಂಡರಿಸಬೇಡಿ. 'ಆಯ್ತು ಕಂದಾ, ಹೊಟ್ಟೆ ಹಗುರ ಆಯ್ತಲ್ವಾ' ಎಂದು ಬಾಯಿ ಒರೆಸಿ. ಕೂಡಲೇ ಲೋಟದ ನೀರು ಕೊಟ್ಟರೆ ಅದೂ ಹೊರಗೆ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪ ಓಆರ್‌ಎಸ್ ಕೊಡಿ. ಸೀಟಿನ ಮೇಲೆ ಅಡಿಗೆ ಸೋಡಾ ಉದುರಿಸಿ ಒರೆಸಿದರೆ ವಾಸನೆ ಕಡಿಮೆಯಾಗುತ್ತದೆ. ಆ ವಾಸನೆಗೇ ಮಗುವಿಗೆ ಮತ್ತೊಮ್ಮೆ ಬರುವುದುಂಟು.

ಘಾಟಿಯ ಬುಡದ ಗುಂಡ್ಯ ದಾಟಿ ನೇರ ರಸ್ತೆಗೆ ಬಂದು ಬಹಳ ಹೊತ್ತಾದರೂ ನಿಲ್ಲದಿದ್ದರೆ, ಜ್ವರ ಬಂದರೆ, ವಾಂತಿಯಲ್ಲಿ ಹಸಿರು ಅಥವಾ ರಕ್ತ ಕಂಡರೆ, ಆರು ಗಂಟೆಗಳ ಕಾಲ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಅದನ್ನು ಪ್ರಯಾಣದ ವಾಂತಿ ಎಂದು ಬಿಡಬೇಡಿ. ಮೊದಲು ಸಿಗುವ ಆಸ್ಪತ್ರೆಗೆ ಹೋಗಿ.

9. ಊರು ತಲುಪಿದ ಮೇಲೆ

ಮೊದಲ ದಿನ ಏನೂ ನೋಡಬೇಡಿ. ಗಂಜಿ ಊಟ, ನಿದ್ದೆ, ಸಂಜೆ ಬಿಸಿಲು ಇಳಿದ ಮೇಲೆ ಮರಳು. ಆಮೇಲೂ ದಿನಕ್ಕೆ ಒಂದೇ ಜಾಗ. ಮಠ, ಮಲ್ಪೆ, ಕಾಪು ದೀಪಸ್ತಂಭ, ಪಿಲಿಕುಳ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಮಗುವಿಗೆ ಉಳಿಯುವುದು ಕಾರಿನ ಸೀಟು ಮಾತ್ರ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಬೆಳಗಿನ ದೋಣಿ ಹಿಡಿಯಿರಿ, ಅಲ್ಲಿ ಬಂಡೆಗಲ್ಲು ಸುಡುತ್ತದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಆ ತಿಂಗಳುಗಳಲ್ಲಿ ಮಗುವನ್ನು ಅಲೆಯ ಹತ್ತಿರಕ್ಕೂ ಬಿಡಬೇಡಿ. ಕರಾವಳಿಯ ಸೆಕೆಗೆ ತೆಳು ಕಾಟನ್ ಬಟ್ಟೆ ಬಿಟ್ಟು ಬೇರೇನೂ ಬೇಡ. ಸೀಯಾಳ ಕುಡಿಸಿ.

10. ವಾಪಸ್ಸು

ಹೋಗುವಾಗ ಇದ್ದ ಶ್ರದ್ಧೆ ಬರುವಾಗ ಇರುವುದಿಲ್ಲ. ಮಧ್ಯಾಹ್ನ ಮೀನೂಟವೋ ಮಠದ ಊಟವೋ ಗಡದ್ದಾಗಿ ಮುಗಿಸಿ, ಮಗುವಿಗೂ ತಿನ್ನಿಸಿ, ಸೀದಾ ಘಾಟಿ ಹತ್ತುತ್ತಾರೆ. ಹತ್ತುವ ಘಾಟಿಗೂ ಇದೇ ನಿಯಮ. ಬೆಳಿಗ್ಗೆ ಆರಕ್ಕೇ ಬಿಡಿ. ದಾರಿಗೆ ಒಂದು ಬಾಳೆಹಣ್ಣು ಸಾಕು, ತಿಂಡಿ ಸಕಲೇಶಪುರದಲ್ಲಿ ಮಾಡಿ. ಮತ್ತೆ ಕಾಲ ಬಳಿಯ ಆ ಚಿಕ್ಕ ಬ್ಯಾಗನ್ನು ಹಿಂದಿನ ರಾತ್ರಿಯೇ ಹೊಸದಾಗಿ ತುಂಬಿ. ಒಣಗಿದ ಬಟ್ಟೆ ಎರಡು ಜೊತೆ, ಹೊಸ ಕವರು, ನೀರು.